ಹಲವು ಪರದೆಗಳಿಗೆ ಒಂದು ಬರವಣಿಗೆ

ಪರದೆಯ ಮೇಲೆ ವಿಂಡೋ ಒಂದನ್ನು ತೆರೆದು, ಅದರ ನೆತ್ತಿಯಲ್ಲಿ ಮೆನುವನ್ನೂ ನಡುವೆ ಬರೆಯುವ ಜಾಗವನ್ನೂ ಅಡಿಯಲ್ಲಿ ನಾಲ್ಕಾರು ಬಟನ್‌ಗಳನ್ನೂ ಜೋಡಿಸಿಕೊಡುವ ಪ್ರೋಗ್ರಾಮನ್ನು ಈಗ ಕಾಲೇಜಿನ ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಲ್ಲನು. ಬರೆದುದನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಎಂಬ ಮೂರು ವ್ಯವಸ್ಥೆಗಳಲ್ಲಿಯೂ, ಬೇಕೆಂದರೆ ಕಾರಿನ ಮುಂಗಡೆಯ ಫಲಕದಲ್ಲಿಯೂ ಆಸ್ಪತ್ರೆಯ ಹಾಸಿಗೆಯ ಪಕ್ಕದ ಉಪಕರಣದಲ್ಲಿಯೂ, ಅಲ್ಪಸ್ವಲ್ಪ ತಿದ್ದುಪಡಿಯೊಡನೆ ನಡೆಸಬಲ್ಲನು. ಈ ಸೌಕರ್ಯವು ತಾನಾಗಿ ಒದಗಿ ಬಂದುದಲ್ಲ. ನಲವತ್ತು ವರ್ಷಗಳ ಕಾಲ ಹಲವು ದೇಶಗಳ ಜನ ತಲೆ ಕೆಡಿಸಿಕೊಂಡು, ವಾದವಿವಾದಗಳನ್ನು ನಡೆಸಿ, ಕಟ್ಟಿದುದನ್ನು ಕೆಡವಿ ಮತ್ತೆ ಕಟ್ಟಿ ಸಂಪಾದಿಸಿದ ಕುಶಲವಿದ್ಯೆ ಇದು. ಯಂತ್ರಯಂತ್ರಗಳ ನಡುವಣ ಭೇದವನ್ನು ಇಲ್ಲವೆಂದು ಭಾವಿಸಿ ಹೊರಟವರು ಈ ವಿದ್ಯೆಯಲ್ಲಿ ಮುಂದುವರಿಯಲಿಲ್ಲ. ಭೇದವನ್ನು ಒಪ್ಪಿಕೊಂಡು, ಅದಕ್ಕೆ ತಕ್ಕ ಒಂದು ಸ್ಥಾನವನ್ನು ಗೊತ್ತುಮಾಡಿ, ಉಳಿದ ಬರವಣಿಗೆಯನ್ನೆಲ್ಲ ಅದರ ಸೋಂಕಿನಿಂದ ಕಾಪಾಡಿದವರೇ ಮುಂದುವರಿದರು. ಆ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದು ಈ ಪ್ರಬಂಧದ ಉದ್ದೇಶ.

ಚಿತ್ರರೂಪದ ಪರದೆಯ ಕಲ್ಪನೆ ಮೈದಾಳಿದುದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಆಲ್ಟೊ ಎಂಬ ಯಂತ್ರ ಸಿದ್ಧವಾಯಿತು. 1984ರ ಜನವರಿಯಲ್ಲಿ ಆ್ಯಪಲ್ ಸಂಸ್ಥೆಯ ಮ್ಯಾಕಿಂತೋಷ್ ಪೇಟೆಗೆ ಬಂದಿತು. 1985ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸಿನ ಮೊದಲ ಆವೃತ್ತಿಯನ್ನು ಹೊರಡಿಸಿತು. ಇದೇ ಅವಧಿಯಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಅಥೀನಾ ಎಂಬ ಯೋಜನೆಯನ್ನು ಕೈಗೊಂಡಿದ್ದಿತು. ಬೇರೆ ಬೇರೆ ತಯಾರಕರ ಕಂಪ್ಯೂಟರುಗಳು ಒಂದೇ ಆವರಣದಲ್ಲಿ ಸೇರಿಕೊಂಡಿದ್ದ ಕಾರಣ, ಯಾವ ಯಂತ್ರದಲ್ಲಿ ನಡೆಯುವ ಪ್ರೋಗ್ರಾಮಾದರೂ ಯಾವ ಯಂತ್ರದ ಪರದೆಯ ಮೇಲಾದರೂ ಕಾಣಿಸಿಕೊಳ್ಳಬಲ್ಲ ವ್ಯವಸ್ಥೆಯೊಂದು ಅಲ್ಲಿ ಅಗತ್ಯವಾಯಿತು. ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಂಬವರು 1984ರಲ್ಲಿ ಆರಂಭಿಸಿದ ಎಕ್ಸ್ ವಿಂಡೋ ವ್ಯವಸ್ಥೆ ಈ ಅಗತ್ಯದಿಂದ ಹುಟ್ಟಿತು. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಹೊರಬಂದು ಯೂನಿಕ್ಸ್ ಲೋಕದಲ್ಲೆಲ್ಲ ನೆಲೆಯೂರಿತು. ಎಕ್ಸ್‌ನ ನಿರ್ಮಾಪಕರು ಗೆರೆ ಎಳೆಯುವ, ಮೌಸಿನ ಚಲನೆಯನ್ನು ತಿಳಿಸುವ ಸಾಧನಗಳನ್ನಷ್ಟೇ ಒದಗಿಸಿ, ಬಟನ್ ಹೇಗಿರಬೇಕು, ಮೆನು ಹೇಗೆ ಇಳಿಯಬೇಕು ಎಂಬ ನಿರ್ಣಯವನ್ನು ಇತರರಿಗೆ ಬಿಟ್ಟುಕೊಟ್ಟರು. ಈ ಔದಾರ್ಯದ ಫಲವಾಗಿ ಯೂನಿಕ್ಸಿನೊಳಗೇ ಮೋಟಿಫ್ ಎಂದೂ ಓಪನ್ ಲುಕ್ ಎಂದೂ ಎರಡು ಸಂಪ್ರದಾಯಗಳು ಎದುರುಬದುರಾಗಿ ನಿಂತವು.

1990ರ ಸುಮಾರಿನಲ್ಲಿ ಒಂದೇ ಪ್ರೋಗ್ರಾಮನ್ನು ಮೂರು ಬಗೆಯ ಯಂತ್ರಗಳಿಗೂ ಒದಗಿಸಬೇಕಾಗಿದ್ದವನ ಪಾಡು ಎಂತಹದಾಗಿದ್ದಿತೆಂಬುದನ್ನು ತಿಳಿಯಬೇಕಾದರೆ, ಆ ಯಂತ್ರಗಳ ಸಣ್ಣಪುಟ್ಟ ಭೇದಗಳನ್ನು ಹತ್ತಿರದಿಂದ ನೋಡಬೇಕು. ಮ್ಯಾಕಿನ ಮೌಸಿಗೆ ಒಂದೇ ಗುಂಡಿ. ವಿಂಡೋಸಿನ ಮೌಸಿಗೆ ಸಾಮಾನ್ಯವಾಗಿ ಎರಡು. ಯೂನಿಕ್ಸ್ ಯಂತ್ರಗಳಲ್ಲಿ ಮೂರು. ಮ್ಯಾಕಿನಲ್ಲಿ ಮೆನು ಪರದೆಯ ತುತ್ತತುದಿಯಲ್ಲಿ ನೆಲೆಸಿದ್ದರೆ, ಉಳಿದೆಡೆಗಳಲ್ಲಿ ಪ್ರತಿಯೊಂದು ವಿಂಡೋಗೂ ತನ್ನದೇ ಮೆನು. ಕಡತದ ದಾರಿಯನ್ನು ಬರೆಯುವಾಗ ಯೂನಿಕ್ಸ್ ಬಲಕ್ಕೆ ಓರೆಯಾದ ಗೆರೆಯನ್ನೂ, ವಿಂಡೋಸ್ ಎಡಕ್ಕೆ ಓರೆಯಾದ ಗೆರೆಯನ್ನೂ, ಅಂದಿನ ಮ್ಯಾಕ್ ಎರಡು ಚುಕ್ಕೆಗಳ ವಿಭಾಜಕಚಿಹ್ನೆಯನ್ನೂ ಬಳಸುತ್ತಿದ್ದವು. ಸಾಲು ಮುಗಿಯಿತೆಂದು ತಿಳಿಸಲು ಒಂದು ವ್ಯವಸ್ಥೆ ಹತ್ತನೆಯ ಸಂಕೇತವನ್ನು, ಇನ್ನೊಂದು ಹದಿಮೂರನೆಯದನ್ನು, ಮತ್ತೊಂದು ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದಿತು. ಮ್ಯಾಕಿನೊಳಗಿದ್ದ ಮೊಟೊರೋಲಾ ಪ್ರೊಸೆಸರು ಒಂದು ಸಂಖ್ಯೆಯ ದೊಡ್ಡ ಬೈಟನ್ನು ಮೊದಲು ಇರಿಸಿದರೆ, ಇಂಟೆಲ್ ಪ್ರೊಸೆಸರು ಚಿಕ್ಕ ಬೈಟನ್ನು ಮೊದಲು ಇರಿಸುತ್ತಿದ್ದಿತು. ಆದಕಾರಣ ಒಂದರಲ್ಲಿ ಬರೆದಿಟ್ಟ ಕಡತವನ್ನು ಇನ್ನೊಂದು ಎಚ್ಚರಿಕೆಯಿಲ್ಲದೆ ಓದಿದರೆ ಅಂಕಿಗಳೆಲ್ಲ ತಲೆಕೆಳಗಾಗುತ್ತಿದ್ದವು. ಇವುಗಳಲ್ಲಿ ಯಾವುದೂ ಮಹತ್ತಾದ ಭೇದವಲ್ಲ. ಆದರೆ ಇಂತಹ ನೂರಾರು ಭೇದಗಳು ಪ್ರೋಗ್ರಾಮಿನ ಮೈಯೆಲ್ಲ ಚೆದರಿಕೊಂಡಾಗ ಒಂದೇ ಕೃತಿಯನ್ನು ಮೂರು ಸಲ ಬರೆಯುವುದೊಂದೇ ದಾರಿಯಾಗಿ ತೋರುತ್ತಿದ್ದಿತು.

ಈ ಕಷ್ಟದಿಂದ ಪಾರಾಗಲು ಎರಡು ಪಂಥಗಳು ಹುಟ್ಟಿದವು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಮಾರ್ಟ್ ಎಂಬವರು 1992ರಲ್ಲಿ ಆರಂಭಿಸಿದ, ಈಗ ಡಬ್ಲ್ಯುಎಕ್ಸ್‌ವಿಜೆಟ್ಸ್ ಎಂದು ಹೆಸರಾಗಿರುವ ಟೂಲ್‌ಕಿಟ್ ಮೊದಲನೆಯ ಪಂಥಕ್ಕೆ ಸೇರಿದ್ದು: ಆಯಾ ವ್ಯವಸ್ಥೆ ತಾನೇ ಇಟ್ಟುಕೊಂಡಿರುವ ಬಟನ್ನು, ಪಟ್ಟಿ, ಮೆನುಗಳನ್ನೇ ಬಳಸಿಕೊಂಡು ಅವುಗಳ ಮೇಲೆ ಸಮಾನವಾದ ತೆಳು ಹೊದಿಕೆಯನ್ನು ಹಾಸುವುದು ಅದರ ಮಾರ್ಗ. ಇದರಿಂದ ಪ್ರೋಗ್ರಾಮು ಆಯಾ ಯಂತ್ರದ ಸಹಜ ಚರ್ಯೆಯನ್ನೇ ಪಡೆಯುತ್ತದೆ. ಆದರೆ ಎಲ್ಲ ವ್ಯವಸ್ಥೆಗಳಲ್ಲಿಯೂ ಸಮಾನವಾಗಿ ಇರುವುದಷ್ಟನ್ನೇ ನೆಚ್ಚಿಕೊಂಡರೆ ಕೈಗೆ ಸಿಕ್ಕುವುದು ಬಡವಾದ ಸಾಮಗ್ರಿ. 1995ರಲ್ಲಿ ಜಾವಾ ಭಾಷೆಯೊಡನೆ ಬಂದ ಮೊದಲ ಚಿತ್ರಸಾಮಗ್ರಿ ಈ ಬಡತನವನ್ನು ಅನುಭವಿಸಿದುದರಿಂದಲೇ ಮೂರು ವರ್ಷಗಳ ಬಳಿಕ ಸ್ವಿಂಗ್ ಎಂಬ ಇನ್ನೊಂದು ಸಾಮಗ್ರಿ ಅದರ ಜಾಗಕ್ಕೆ ಬರಬೇಕಾಯಿತು. ಎರಡನೆಯ ಪಂಥದವರು ವ್ಯವಸ್ಥೆಯಿಂದ ಒಂದು ಬರಿಯ ಚೌಕವನ್ನು ಮಾತ್ರ ಬೇಡಿ ಪಡೆದು, ಅದರೊಳಗಿನ ಪ್ರತಿಯೊಂದು ಗೆರೆಯನ್ನೂ ಅಕ್ಷರವನ್ನೂ ತಾವೇ ಬಿಡಿಸುವರು. ಇಲ್ಲಿ ಶ್ರಮ ಹೆಚ್ಚು, ಸ್ವಾತಂತ್ರ್ಯವೂ ಹೆಚ್ಚು. ಸ್ವಿಂಗ್ ಹಿಡಿದ ದಾರಿ ಇದೇ. ಇದೇ ದಾರಿಯಲ್ಲಿ ಅತ್ಯಂತ ದೂರ ನಡೆದ ಟೂಲ್‌ಕಿಟ್ ನಾರ್ವೆ ದೇಶದಲ್ಲಿ ಹುಟ್ಟಿದ ಕ್ಯೂಟಿ.

ನಾರ್ವೆಯ ಟ್ರಾಂಡ್‌ಹೈಮ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಓದಿದ ಹಾವರ್ಡ್ ನೂರ್ಡ್ ಮತ್ತು ಐರಿಕ್ ಶಾಂಬೆ-ಎಂಗ್ ಎಂಬ ಇಬ್ಬರು 1990ರ ಬೇಸಗೆಯಲ್ಲಿ, ಅಲ್ಟ್ರಾಸೌಂಡ್ ಚಿತ್ರಗಳನ್ನು ಸಂಗ್ರಹಿಸಿಡುವ ಪ್ರೋಗ್ರಾಮೊಂದನ್ನು ಸಿ++ ಭಾಷೆಯಲ್ಲಿ ರಚಿಸುವ ಕೆಲಸದಲ್ಲಿ ತೊಡಗಿದ್ದರು. ಅದು ಯೂನಿಕ್ಸ್, ಮ್ಯಾಕಿಂತೋಷ್, ವಿಂಡೋಸ್ ಮೂರರಲ್ಲಿಯೂ ನಡೆಯಬೇಕಾಗಿದ್ದಿತು. ಒಂದು ದಿನ ಉದ್ಯಾನದ ಬೆಂಚಿನ ಮೇಲೆ ಕುಳಿತು ಮಾತಾಡುತ್ತಿದ್ದಾಗ, ತಮಗೆ ಬೇಕಾದುದು ಮೂರು ಪ್ರೋಗ್ರಾಮುಗಳಲ್ಲ, ಮೂರಕ್ಕೂ ಸಲ್ಲುವ ಒಂದು ಚಿತ್ರವ್ಯವಸ್ಥೆ ಎಂಬ ನಿಶ್ಚಯಕ್ಕೆ ಅವರು ಬಂದರು. 1991ರಲ್ಲಿ ನೂರ್ಡ್ ಬರೆಯಲಾರಂಭಿಸಿದರು. 1994ರ ಮಾರ್ಚ್ 4ರಂದು ಕಂಪನಿ ನೋಂದಣಿಯಾಯಿತು. ಅದೇ ಮುಂದೆ ಟ್ರೋಲ್‌ಟೆಕ್ ಎಂದು ಹೆಸರಾಯಿತು. ಆದಾಯವಿಲ್ಲದ ಆ ವರ್ಷಗಳಲ್ಲಿ ಇಬ್ಬರ ಸಂಸಾರವನ್ನೂ ಅವರವರ ಪತ್ನಿಯರು ತಮ್ಮ ದುಡಿಮೆಯಿಂದ ನಡೆಸಿಕೊಟ್ಟರೆಂಬುದು ಈ ಚರಿತ್ರೆಯಲ್ಲಿ ಕೃತಜ್ಞತೆಯಿಂದ ನೆನೆಯತಕ್ಕ ಸಂಗತಿ. 1995ರ ಮೇ 20ರಂದು ಕ್ಯೂಟಿಯ ಮೊದಲ ಸಾರ್ವಜನಿಕ ಆವೃತ್ತಿ ಹೊರಬಿದ್ದಿತು. ಮಾರನೆಯ ವರ್ಷದ ಮಾರ್ಚಿನಲ್ಲಿ ಯೂರೋಪಿನ ಅಂತರಿಕ್ಷ ಸಂಸ್ಥೆಯು ಹತ್ತು ಲೈಸೆನ್ಸುಗಳನ್ನು ಕೊಂಡು ಅವರ ಎರಡನೆಯ ಗಿರಾಕಿಯಾಯಿತು, ಸೆಪ್ಟೆಂಬರಿನಲ್ಲಿ 1.0 ಆವೃತ್ತಿ ಬಂದಿತು.

ಈ ಟೂಲ್‌ಕಿಟ್ಟಿನ ಪ್ರಾಣವೆನ್ನಬಹುದಾದ ಉಪಾಯವನ್ನು ಕಂಡುಕೊಂಡವರು ಶಾಂಬೆ-ಎಂಗ್. ಅದಕ್ಕೆ ಸಿಗ್ನಲ್ ಮತ್ತು ಸ್ಲಾಟ್ ಎಂದು ಹೆಸರು. ಅದಕ್ಕೆ ಮೊದಲು, ಬಟನ್ ಒತ್ತಿದಾಗ ನಡೆಯಬೇಕಾದ ಕಾರ್ಯದ ವಿಳಾಸವನ್ನು ಬಟನ್ನಿಗೇ ಕೊಟ್ಟುಬಿಡುವುದು ವಾಡಿಕೆಯಾಗಿದ್ದಿತು. ಕೊಟ್ಟ ವಿಳಾಸವೂ ಕಳುಹಿಸಿದ ಮಾಹಿತಿಯೂ ಒಂದಕ್ಕೊಂದು ಹೊಂದದಿದ್ದರೆ ಅದನ್ನು ಹಿಡಿದು ತೋರಿಸುವವರಿರಲಿಲ್ಲ. ಪ್ರೋಗ್ರಾಮು ನಡುದಾರಿಯಲ್ಲಿ ಕುಸಿದು ಬೀಳುತ್ತಿದ್ದಿತು. ಹೊಸ ಪದ್ಧತಿಯಲ್ಲಿ ಬಟನ್ನು ತನ್ನನ್ನು ಒತ್ತಿದರೆಂದು ಸಾರುವುದಷ್ಟೇ. ಕೇಳುವವರು ಯಾರು, ಎಷ್ಟು ಮಂದಿ ಎಂಬುದು ಅದಕ್ಕೆ ತಿಳಿಯಬೇಕಾಗಿಲ್ಲ. ಒಂದು ನಿದರ್ಶನವನ್ನು ನೋಡಬಹುದು. ಧ್ವನಿಯ ಪ್ರಮಾಣವನ್ನು ಗೊತ್ತುಮಾಡಲು ಪರದೆಯ ಮೇಲೆ ಒಂದು ಸ್ಲೈಡರನ್ನೂ ಅದರ ಪಕ್ಕದಲ್ಲಿ ಅಂಕಿ ಬರೆಯುವ ಒಂದು ಪೆಟ್ಟಿಗೆಯನ್ನೂ ಇರಿಸಿದ್ದೇವೆನ್ನಿ. ಸ್ಲೈಡರ್ ಸರಿದಾಗ ಅಂಕಿ ಬದಲಾಗಬೇಕು, ಅಂಕಿ ಬರೆದಾಗ ಸ್ಲೈಡರ್ ಸರಿಯಬೇಕು. ಒಂದರ ಸಿಗ್ನಲನ್ನು ಇನ್ನೊಂದರ ಸ್ಲಾಟಿಗೆ, ಇನ್ನೊಂದರದನ್ನು ಇದಕ್ಕೆ, ಹೀಗೆ ಪರಸ್ಪರ ಜೋಡಿಸಿದರೆ ಎರಡು ಸಾಲುಗಳಲ್ಲಿ ಕೆಲಸ ಮುಗಿಯಿತು. ಇವೆರಡೂ ಒಂದನ್ನೊಂದು ಕೂಗಿ ಕರೆಯುತ್ತ ಕೊನೆಯಿಲ್ಲದ ಸುಳಿಗೆ ಸಿಕ್ಕಿಬೀಳುವುದಿಲ್ಲವೇ ಎಂಬ ಶಂಕೆ ಏಳುವುದು ಸಹಜ. ಬೆಲೆ ನಿಜವಾಗಿ ಬದಲಾದರೆ ಮಾತ್ರ ಸಿಗ್ನಲ್ ಹೊರಡಬೇಕು, ಇದ್ದ ಬೆಲೆಯನ್ನೇ ಮತ್ತೆ ಕೊಟ್ಟರೆ ಸುಮ್ಮನಿರಬೇಕು ಎಂಬ ಒಂದು ನಿಯಮದಿಂದ ಆ ಶಂಕೆ ಪರಿಹಾರವಾಗುತ್ತದೆ. ಬಿಡಿಬಿಡಿಯಾದ ಅಂಗಗಳು ಒಂದರ ಗುಟ್ಟು ಇನ್ನೊಂದಕ್ಕೆ ತಿಳಿಯದೆಯೇ ಕೂಡಿ ದುಡಿಯುವ ಈ ವ್ಯವಸ್ಥೆಯನ್ನು ಬೇರೆ ಟೂಲ್‌ಕಿಟ್ಟುಗಳೂ ಭಾಷೆಗಳೂ ತಮ್ಮದಾಗಿಸಿಕೊಂಡಿವೆ.

ಜಾಗವನ್ನು ಹಂಚುವ ಲೇಔಟ್ ಪದ್ಧತಿಯೂ ಇಷ್ಟೇ ಮುಖ್ಯವಾದುದು. ಎಡಗಡೆಯಿಂದ ಇಷ್ಟು ಪಿಕ್ಸೆಲ್, ಮೇಲಿನಿಂದ ಇಷ್ಟು ಪಿಕ್ಸೆಲ್ ಎಂದು ಪ್ರತಿಯೊಂದು ಬಟನ್ನಿಗೂ ಸ್ಥಾನವನ್ನು ಅಳೆದು ಬರೆದವನ ಕೃತಿ ಅವನ ಯಂತ್ರದ ಪರದೆಯಲ್ಲಿ ಮಾತ್ರ ಸುಂದರವಾಗಿರುವುದು. ಫಾಂಟ್ ಸ್ವಲ್ಪ ದೊಡ್ಡದಾದರೆ ಅಕ್ಷರಗಳು ಬಟನ್ನಿನಿಂದ ಹೊರಚೆಲ್ಲುವುವು. ಆದ್ದರಿಂದ ಬಲ್ಲವರು ಸ್ಥಾನವನ್ನು ಬರೆಯದೆ ಸಂಬಂಧವನ್ನು ಬರೆದರು: ಇದು ಅದರ ಬಲಕ್ಕಿರಲಿ, ಉಳಿದ ಜಾಗವೆಲ್ಲ ನಡುವಿನ ಪೆಟ್ಟಿಗೆಗೆ ಸೇರಲಿ, ಈ ಬಟನ್ ತನ್ನ ಬರೆಹಕ್ಕೆ ಬೇಕಾದಷ್ಟು ಅಗಲವನ್ನು ತಾನೇ ಕೇಳಿ ಪಡೆಯಲಿ. ಗಾಯಕನ ಕಂಠಕ್ಕೆ ಒಪ್ಪುವಂತೆ ಶ್ರುತಿ ಏರಿಳಿದರೂ ಸ್ವರಸ್ವರಗಳ ಅಂತರ ಕೆಡದಿರುವುದರಿಂದ ರಾಗವು ರಾಗವಾಗಿಯೇ ಉಳಿಯುವಂತೆ, ಪರದೆ ಹಿಗ್ಗಿದರೂ ಕುಗ್ಗಿದರೂ ಸಂಬಂಧಗಳಿಂದ ಕಟ್ಟಿದ ವಿನ್ಯಾಸವು ತನ್ನ ಸ್ವರೂಪವನ್ನು ಕಳೆದುಕೊಳ್ಳುವುದಿಲ್ಲ. ಇದಕ್ಕೆ ಸೇರಿದ ಇನ್ನೊಂದು ಶಿಸ್ತು ಕಾಲಕ್ಕೆ ಸಂಬಂಧಿಸಿದುದು: ಇಂತಹ ಪ್ರೋಗ್ರಾಮು ಒಂದಾದ ಮೇಲೊಂದು ಬರುವ ಘಟನೆಗಳನ್ನು ಸರತಿಯಲ್ಲಿ ಸ್ವೀಕರಿಸುತ್ತಿರುವುದರಿಂದ, ಯಾವುದಾದರೊಂದು ಘಟನೆಗೆ ದೀರ್ಘವಾದ ಲೆಕ್ಕವನ್ನು ಹಚ್ಚಿ ಕುಳಿತರೆ ವಿಂಡೋ ಪೂರ ಸ್ತಬ್ಧವಾಗುವುದು. ಭಾರವಾದ ಕೆಲಸವನ್ನು ಬೇರೊಂದು ಥ್ರೆಡ್ಡಿಗೆ ವಹಿಸಿ, ಪರದೆಯನ್ನು ಮುಟ್ಟುವ ಅಧಿಕಾರವನ್ನು ಮುಖ್ಯ ಥ್ರೆಡ್ಡಿನಲ್ಲಿಯೇ ಉಳಿಸಿಕೊಳ್ಳುವುದು ಈ ವೃತ್ತಿಯವರೆಲ್ಲ ಪಾಲಿಸುವ ಕಟ್ಟಳೆ.

ಕುಶಲತೆಯ ಜೊತೆಗೆ ಒಡೆತನದ ಪ್ರಶ್ನೆಯೂ ಬಂದಿತು. 1996ರ ಅಕ್ಟೋಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಎಂಬವರು, ಲಿನಕ್ಸನ್ನು ಸಾಮಾನ್ಯರೂ ಬಳಸುವಂತೆ ಕೆಡಿಇ ಎಂಬ ಸಮಗ್ರ ಡೆಸ್ಕ್‌ಟಾಪನ್ನು ನಿರ್ಮಿಸಲು ಸ್ವಯಂಸೇವಕರನ್ನು ಆಹ್ವಾನಿಸಿ, ಅದಕ್ಕೆ ಕ್ಯೂಟಿಯನ್ನು ಆಧಾರವಾಗಿ ಆರಿಸಿಕೊಂಡರು. ಅಂದಿನ ಕ್ಯೂಟಿಯ ಲೈಸೆನ್ಸು ಬಳಸಲು ಬಿಡುತ್ತಿದ್ದಿತೇ ಹೊರತು ತಿದ್ದಿದುದನ್ನು ಹಂಚಲು ಬಿಡುತ್ತಿರಲಿಲ್ಲ. ಸ್ವತಂತ್ರ ತಂತ್ರಾಂಶದ ಪಕ್ಷಪಾತಿಗಳು ಇದನ್ನು ಬಲವಾಗಿ ಆಕ್ಷೇಪಿಸಿದರು. 1997ರಲ್ಲಿ ಮಿಗೆಲ್ ಡಿ ಇಕಾಜಾ ಮೊದಲಾದವರು, ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಗಿಂಪ್ ಎಂಬ ಚಿತ್ರಸಂಪಾದಕಕ್ಕಾಗಿ ರಚಿಸಿದ್ದ ಜಿಟಿಕೆ ಟೂಲ್‌ಕಿಟ್ಟನ್ನು ಹಿಡಿದು ಗ್ನೋಮ್ ಎಂಬ ಪ್ರತಿಯೋಜನೆಯನ್ನು ಆರಂಭಿಸಿದರು. ವಿವಾದ ಕಟುವಾಗಿಯೇ ನಡೆಯಿತು. ಆದರೆ ಅದರಿಂದ ಲೋಕಕ್ಕೆ ಲಾಭವೇ ಆಯಿತು. 1998ರಲ್ಲಿ ಕೆಡಿಇಯವರೂ ಟ್ರೋಲ್‌ಟೆಕ್ಕಿನವರೂ ಸೇರಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಮುಂದೆ ಯಾವ ಒಡೆಯನಾದರೂ ಕ್ಯೂಟಿಯ ಸ್ವತಂತ್ರ ಆವೃತ್ತಿಯನ್ನು ನಿಲ್ಲಿಸಿದರೆ ಅದನ್ನು ಅತ್ಯಂತ ಉದಾರವಾದ ಲೈಸೆನ್ಸಿನಡಿ ಲೋಕಕ್ಕೆ ಬಿಟ್ಟುಕೊಡುವ ಹಕ್ಕನ್ನು ಅದಕ್ಕೆ ಕೊಟ್ಟರು. 2000ದ ಸೆಪ್ಟೆಂಬರಿನಲ್ಲಿ ಕ್ಯೂಟಿಯು ಜಿಪಿಎಲ್ ಲೈಸೆನ್ಸಿನಡಿ ಬಂದಿತು. 2008ರಲ್ಲಿ ನೋಕಿಯಾ ಟ್ರೋಲ್‌ಟೆಕ್ಕನ್ನು ಕೊಂಡಿತು; 2011ರಲ್ಲಿ ಅದು ಮೈಕ್ರೋಸಾಫ್ಟಿನೊಡನೆ ಕೈಜೋಡಿಸಿ ಬೇರೆ ದಾರಿ ಹಿಡಿದಾಗ, ಫಿನ್ಲೆಂಡಿನ ಡಿಜಿಯಾ ಕಂಪನಿ ಹಂತಹಂತವಾಗಿ ಕ್ಯೂಟಿಯನ್ನು ವಹಿಸಿಕೊಂಡಿತು. ಒಡೆಯರು ಇಷ್ಟು ಸಲ ಬದಲಾದರೂ ಕೃತಿ ನಾಶವಾಗದೆ ಉಳಿಯಲು ಆ ಒಡಂಬಡಿಕೆಯೂ ಒಂದು ಆಸರೆಯಾಯಿತು.

ಮೇಜಿನ ಕಂಪ್ಯೂಟರನ್ನು ಬಿಟ್ಟು ಕೈಯ ಯಂತ್ರಗಳಿಗೂ ಉಪಕರಣಗಳ ಒಡಲಿಗೂ ಇಳಿದಾಗ ಈ ವಿದ್ಯೆ ಹೊಸ ಪರೀಕ್ಷೆಗೆ ಒಳಗಾಯಿತು. 2000ದಲ್ಲಿ ಬಂದ ಕ್ಯೂಟಿಯ ಎಂಬೆಡೆಡ್ ಆವೃತ್ತಿಯು ಎಕ್ಸ್ ವ್ಯವಸ್ಥೆಯನ್ನೇ ಬದಿಗಿರಿಸಿ, ಪರದೆಯ ಪ್ರತಿಬಿಂಬವನ್ನು ಹೊತ್ತ ಫ್ರೇಂಬಫರ್ ಎಂಬ ಸ್ಮೃತಿಭಾಗದಲ್ಲಿ ನೇರವಾಗಿ ಬಿಡಿಸುತ್ತಿದ್ದಿತು. 2002ರ ಹೊತ್ತಿಗೆ ಪೇಟೆಯಲ್ಲಿದ್ದ ಶಾರ್ಪ್ ಕಂಪನಿಯ ಜೌರಸ್ ಎಂಬ ಅಂಗೈ ಯಂತ್ರದಲ್ಲಿ, 240 ಪಿಕ್ಸೆಲ್ ಅಗಲ 320 ಪಿಕ್ಸೆಲ್ ಎತ್ತರದ ಪರದೆಯ ಮೇಲೆ, 206 ಮೆಗಾಹರ್ಟ್ಜ್ ವೇಗದ ಪ್ರೊಸೆಸರಿನಿಂದ ಅದು ನಡೆಯಿತು. ಪ್ರೋಗ್ರಾಮನ್ನು ಬರೆಯುವವನು ತನ್ನ ಮೇಜಿನ ಕಂಪ್ಯೂಟರಿನಲ್ಲಿಯೇ ಅಂತಹ ಪುಟ್ಟ ಪರದೆಯ ಪ್ರತಿಕೃತಿಯೊಂದನ್ನು ತೆರೆದು ಪರೀಕ್ಷಿಸಿ, ಬಳಿಕ ಆ ಪರಕೀಯ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡಿ ಕಳುಹಿಸುತ್ತಿದ್ದನು. ಬೇಡದ ಅಂಗಗಳನ್ನು ಕತ್ತರಿಸಿ ಟೂಲ್‌ಕಿಟ್ಟಿನ ಗಾತ್ರವನ್ನು ಇಳಿಸುವ ಏರ್ಪಾಡೂ ಇದ್ದಿತು. ಅನುಭವದಿಂದ ಬಂದ ಇನ್ನೊಂದು ಪಾಠ, ಬೆರಳಿಗೂ ಮೌಸಿಗೂ ಇರುವ ವ್ಯತ್ಯಾಸ: ಮುಟ್ಟುವುದಕ್ಕೆ ಮೊದಲು ಬೆರಳು ಎಲ್ಲಿದೆ ಎಂಬುದು ಪರದೆಗೆ ತಿಳಿಯದು, ಆದ್ದರಿಂದ ಮೌಸನ್ನು ಮೇಲಿರಿಸಿದಾಗ ಮಾತ್ರ ಕಾಣಿಸುವ ಸೂಚನೆಗಳನ್ನು ನಂಬಿ ಕಟ್ಟಿದ ವಿನ್ಯಾಸ ಅಲ್ಲಿ ಮೂಕವಾಗುವುದು. 2012ರ ಡಿಸೆಂಬರಿನಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಯಂತ್ರಯಂತ್ರದ ಭೇದಗಳನ್ನೆಲ್ಲ ಪ್ರತ್ಯೇಕವಾದ ಪ್ಲಗಿನ್ ಒಂದರೊಳಗೆ ಕೂಡಿಹಾಕಿದರು; ಹೊಸ ಯಂತ್ರವೊಂದು ಬಂದರೆ ಮುಖ್ಯವಾಗಿ ಬರೆಯಬೇಕಾದುದು ಆ ಪ್ಲಗಿನ್ನನ್ನು.

ಇನ್ನೂ ಕಿರಿದಾದ ಯಂತ್ರಗಳಲ್ಲಿ, ಎಂದರೆ ಒಂದೇ ಚಿಪ್ಪಿನೊಳಗೆ ಎಲ್ಲವೂ ಅಡಗಿರುವ ಮೈಕ್ರೋಕಂಟ್ರೋಲರುಗಳಲ್ಲಿ, ಕ್ಯೂಟಿಯಂತಹ ಸಮೃದ್ಧ ಸಾಮಗ್ರಿಗೆ ಎಡೆಯಿಲ್ಲದಾಗ, ಹಂಗರಿಯಲ್ಲಿ ಹುಟ್ಟಿದ ಎಲ್‌ವಿಜಿಎಲ್‌ನಂತಹ ಹಗುರವಾದ ಟೂಲ್‌ಕಿಟ್ಟುಗಳು ನೆರವಿಗೆ ಬರುತ್ತವೆ. ಇಲ್ಲಿನ ಲೆಕ್ಕಾಚಾರ ಜಿಪುಣನದು. 320ಕ್ಕೆ 240ರ ಪರದೆಯಲ್ಲಿ ಪ್ರತಿ ಪಿಕ್ಸೆಲ್ಲಿಗೂ ಎರಡು ಬೈಟ್ ಬಣ್ಣವೆಂದರೆ ಒಂದು ಚಿತ್ರಕ್ಕೆ 1,53,600 ಬೈಟ್ ಬೇಕು. ಅಷ್ಟು ಸ್ಮೃತಿ ಅನೇಕ ಚಿಪ್ಪುಗಳಲ್ಲಿ ಇರುವುದೇ ಇಲ್ಲ. ಅದರ ಹತ್ತನೆಯ ಒಂದು ಪಾಲಿನಷ್ಟು, ಎಂದರೆ 15,360 ಬೈಟ್ ಜಾಗವನ್ನು ಮಾತ್ರ ಕಾದಿರಿಸಿಕೊಂಡು, ಬದಲಾದ ಭಾಗವನ್ನಷ್ಟೇ ಗುರುತಿಸಿ, ಅದನ್ನು ತುಂಡುತುಂಡಾಗಿ ಬಿಡಿಸಿ ಪರದೆಗೆ ರವಾನಿಸುತ್ತಾರೆ. ನೋಡುವವನ ಕಣ್ಣಿಗೆ ಪೂರ್ಣವಾದ ಚಿತ್ರವೇ ಕಾಣುತ್ತದೆ.

ಕನ್ನಡಿಗರಾದ ನಮಗೆ ಈ ಚರಿತ್ರೆಯೊಡನೆ ಇರುವ ಸಂಬಂಧ ಅಕ್ಷರದ ಮೂಲಕ ಬಂದುದು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಸಂಕೇತ ದೊರೆತ ಮಾತ್ರಕ್ಕೆ ಅಕ್ಷರ ಪರದೆಯ ಮೇಲೆ ಮೂಡುವುದಿಲ್ಲ. 'ಅರ್ಕ' ಎಂಬ ಶಬ್ದವನ್ನು ತೆಗೆದುಕೊಳ್ಳಿ: ಯಂತ್ರದ ಸ್ಮೃತಿಯಲ್ಲಿ ರಕಾರ, ಹಲಂತ, ಕಕಾರ ಎಂಬ ಕ್ರಮದಲ್ಲಿ ಇರುವುದನ್ನು ಪರದೆಯ ಮೇಲೆ ಬಿಡಿಸುವಾಗ ಕಕಾರವನ್ನು ಮುಂದಕ್ಕೆ ತಂದು ಅರ್ಕಾವೊತ್ತನ್ನು ಅದರ ಬಲಕ್ಕೆ ನಿಲ್ಲಿಸಬೇಕು. 'ಸ್ತ್ರೀ' ಎಂಬಲ್ಲಿ ಎರಡು ಒತ್ತುಗಳೂ ಒಂದು ದೀರ್ಘವೂ ಕೂಡಿ ಸಾಲಿನ ಕೆಳಕ್ಕೂ ಬಲಕ್ಕೂ ಚಾಚುತ್ತವೆ. ಲ್ಯಾಟಿನ್ ಅಕ್ಷರಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸುವುದನ್ನಷ್ಟೇ ಬಲ್ಲ ಟೂಲ್‌ಕಿಟ್ಟಿಗೆ ಇದು ಅಸಾಧ್ಯವಾದ ಕೆಲಸ. ಫ್ರೀಟೈಪ್ ಯೋಜನೆಯಲ್ಲಿ ಮೊಳೆತು, ಕ್ಯೂಟಿಯಲ್ಲಿಯೂ ಗ್ನೋಮಿನ ಪ್ಯಾಂಗೋದಲ್ಲಿಯೂ ಬೇರೆ ಬೇರೆಯಾಗಿ ಬೆಳೆದು, ಕಡೆಗೆ ಎರಡೂ ಪಕ್ಷದವರ ಸಹಕಾರದಿಂದ ಒಂದಾದ ಹಾರ್ಫ್‌ಬಜ್ ಎಂಬ ಗ್ರಂಥಾಲಯವು ಈ ಜೋಡಣೆಯನ್ನು ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಇವುಗಳಲ್ಲಿ ಇಂದು ಕನ್ನಡ ಶುದ್ಧವಾಗಿ ಕಾಣುವುದಕ್ಕೆ ಅದೇ ಕಾರಣ. ಒಮ್ಮೆ ಎದುರಾಳಿಗಳಾಗಿದ್ದ ಎರಡು ಪಂಗಡಗಳು ಹಂಚಿಕೊಂಡ ಶ್ರಮದ ಫಲವನ್ನು ನಾವು ದಿನವೂ ಉಣ್ಣುತ್ತಿದ್ದೇವೆ.

ನಮ್ಮ ನಾಡಿನಲ್ಲಿ 1998ರಲ್ಲಿ ಬಂದ ಬರಹ ತಂತ್ರಾಂಶವೂ, ಅನಂತರ ಕನ್ನಡ ಗಣಕ ಪರಿಷತ್ತಿನಿಂದ ಬಂದ ನುಡಿಯೂ ಲಕ್ಷಾಂತರ ಜನರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಶಕ್ತಿಯನ್ನು ಕೊಟ್ಟವು. ಆ ಉಪಕಾರ ದೊಡ್ಡದು. ಆದರೆ ಅಂದಿನ ಪರಿಸ್ಥಿತಿಯಲ್ಲಿ ಅವು ವಿಂಡೋಸಿಗೂ ತಮ್ಮ ತಮ್ಮ ಫಾಂಟುಗಳ ಸಂಕೇತಕ್ಕೂ ಅಂಟಿಕೊಂಡು ಬೆಳೆದುದರಿಂದ, ಆ ಕಾಲದಲ್ಲಿ ಬರೆದಿಟ್ಟ ಪುಸ್ತಕಗಳನ್ನೂ ಪತ್ರಗಳನ್ನೂ ಈಗ ಬೇರೊಂದು ಯಂತ್ರದಲ್ಲಿ ತೆರೆಯಬೇಕಾದರೆ ಮೊದಲು ಪರಿವರ್ತಿಸಿಕೊಳ್ಳಬೇಕಾಗಿದೆ. ಯಂತ್ರದ ಭೇದವು ಬರವಣಿಗೆಯ ಒಳಹೊಕ್ಕರೆ ಆಗುವ ನಷ್ಟಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ಬೇಡ. ಆದುದರಿಂದ ಇನ್ನು ಮುಂದೆ ಕನ್ನಡಕ್ಕಾಗಿ ಪ್ರೋಗ್ರಾಮು ಬರೆಯಹೊರಡುವ ತರುಣತರುಣಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಯೂನಿಕೋಡನ್ನು ಬಿಟ್ಟು ಬೇರೆ ಸಂಕೇತದಲ್ಲಿ ಒಂದಕ್ಷರವನ್ನೂ ಉಳಿಸಬೇಡಿ. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಕಟ್ಟಿಹಾಕಿ ಒತ್ತಕ್ಷರಗಳ ಕಾಲನ್ನು ಕತ್ತರಿಸಬೇಡಿ; ಲೇಔಟಿಗೆ ಆ ಕೆಲಸವನ್ನು ಬಿಡಿ. ಅನುವಾದಕರಿಗೆ ವಾಕ್ಯದ ತುಣುಕುಗಳನ್ನು ಕೊಡದೆ ಇಡೀ ವಾಕ್ಯವನ್ನು, ಅಂಕಿ ಬರುವ ಸ್ಥಾನವನ್ನು ಗುರುತಿಸಿ, ಕೊಡಿ. ಕನ್ನಡದ ಪದಕ್ರಮವನ್ನು ಅವರು ಸರಿಯಾಗಿ ಹೊಂದಿಸುವರು. ಎಲ್ಲಕ್ಕಿಂತ ಮಿಗಿಲಾಗಿ, ಬರೆದುದನ್ನು ಎಲ್ಲರೂ ತಿದ್ದಿ ಹಂಚಬಹುದಾದ ಲೈಸೆನ್ಸಿನಡಿ ಪ್ರಕಟಿಸಿ. ಇಂದಿನ ಯಂತ್ರಗಳು ನಾಳೆ ಮೂಲೆ ಸೇರುವುವು. ನೀವು ಬರೆದ ಪ್ರೋಗ್ರಾಮು ಮುಂದಿನ ಯಂತ್ರದಲ್ಲಿಯೂ ಕನ್ನಡವನ್ನು ತೋರಿಸಬೇಕು.